ಒಪ್ಪಿದೆ ಎನ್ನುವ ತನಕ

ನಮ್ಮ ಮನೆಯಲ್ಲಿ ಶನಿವಾರ ರಾತ್ರಿಯ ಊಟ ಒಂದು ಮಾತಿಗೆ ಕಾದು ಕೂಡುತ್ತಿತ್ತು. ಆ ಮಾತು ಹೇಳಬೇಕಾದವಳು ನಾನು. ಅವ್ವ ರೊಟ್ಟಿ ಬಡಿದು ಬುಟ್ಟಿಗೆ ಹಾಕಿ, ಮೇಲೆ ಅರಿವೆ ಹೊದಿಸಿ, ಕಡಲೆಹಿಟ್ಟಿನ ಝುಣಕದ ಬೋಗುಣಿಯನ್ನು ಒಲೆಯ ಬದಿಗೆ ಸರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಅಡಿಗೆಮನೆಯ ಗೋಡೆಗೆ ಒರಗಿ ಕೂಡುತ್ತಿದ್ದಳು. ಅಣ್ಣ ಸ್ಯಾಮುವೇಲನ ಕಣ್ಣು ರೊಟ್ಟಿ ಬುಟ್ಟಿಯ ಮೇಲೆ. ಅಪ್ಪ ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕೂತು, ಕಂದೀಲಿನ ಬತ್ತಿ ಏರಿಸಿ, ಓದುವ ಚಾಳೀಸು ಮೂಗಿಗೇರಿಸಿ ಪುಸ್ತಕ ಬಿಚ್ಚುತ್ತಿದ್ದ. ನಾನು ಎದುರಿಗೆ ಹೊಸ್ತಿಲ ಮೇಲೆ ಕೂತು ದೇವರಿಲ್ಲ ಎಂದು ವಾದ ಮಾಡಬೇಕಿತ್ತು. ವಾದ ಮಾಡಿ, ಸೋತು, ಕಡೆಗೆ 'ಒಪ್ಪಿದೆ' ಅನ್ನಬೇಕಿತ್ತು. ಅಂದ ಮೇಲೆ ಊಟದ ಗಂಗಾಳ ಇಡುತ್ತಿದ್ದರು. ಹೊಸ್ತಿಲ ಮೇಲೆ ಹೆಣ್ಣುಮಗಳು ಕೂಡಬಾರದು ಎಂದು ಅವ್ವ ಮೊದಮೊದಲು ತಕರಾರು ತೆಗೆದಳು. ಅಪ್ಪ ಅದಕ್ಕೂ ಪುಸ್ತಕದಿಂದಲೇ ಒಂದು ಉತ್ತರ ಹುಡುಕಿ ಓದಿದ. ಆಮೇಲೆ ಅವ್ವ ಆ ಮಾತು ಎತ್ತಲಿಲ್ಲ.

ಆ ಪುಸ್ತಕದ ಹೆಸರು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಅದರ ರಟ್ಟು, ಮೊದಲ ಹಾಳೆಗಳು ನಾನು ಹುಟ್ಟುವ ಮೊದಲೇ ಉದುರಿ ಹೋಗಿದ್ದವು. ಉಳಿದದ್ದನ್ನು ನಮ್ಮ ಅಜ್ಜ, ಅಪ್ಪನ ಅಪ್ಪ, ನಿಪ್ಪಾಣಿಯ ತಂಬಾಕಿನ ಚೀಲ ಹೊಲಿಯುವ ಸುತಳಿಯಿಂದ ಹೊಲಿದು ಕೆಂಪು ಅರಿವೆಯ ಹೊದಿಕೆ ಹಾಕಿದ್ದ. ಅದನ್ನು ಬಿಚ್ಚಿದರೆ ಇವತ್ತಿಗೂ ತಂಬಾಕಿನ ಘಾಟು ಮೂಗಿಗೆ ತಾಕುತ್ತದೆ. ಮನೆಯಲ್ಲಿ ಅದಕ್ಕೆ ಉತ್ತರದ ಪುಸ್ತಕ ಅಂತಲೇ ಕರೆಯುತ್ತಿದ್ದೆವು. ಬೈಬಲ್ಲು ದೇವರ ಪುಸ್ತಕ, ಇದು ಉತ್ತರದ ಪುಸ್ತಕ. ದೂರದ ದೇಶದ ಒಬ್ಬ ಪಾದ್ರಿ, ತನ್ನೂರಿನ ಓದಿದ ಜನ ಚರ್ಚಿಗೆ ಬರುವುದು ಬಿಟ್ಟು ನಂಬಿಕೆಯನ್ನು ನಗೆಗೆ ಈಡುಮಾಡಿದಾಗ, ಬೈಯದೆ, ಹೆದರಿಸದೆ, ಅವರ ಒಂದೊಂದು ಪ್ರಶ್ನೆಗೂ ಉತ್ತರ ಕೊಡುತ್ತೇನೆಂದು ಕೂತು ಬರೆದದ್ದಂತೆ. ಸಂಶಯಿ ಎಂಬ ಒಬ್ಬ ಕೇಳುತ್ತಾನೆ, ವಿಶ್ವಾಸಿ ಎಂಬ ಒಬ್ಬ ಹೇಳುತ್ತಾನೆ. ಪ್ರತಿ ಪ್ರಶ್ನೆಯ ಕಡೆಗೆ ಸಂಶಯಿ 'ಒಪ್ಪಿದೆ' ಅನ್ನುತ್ತಾನೆ. ಅದು ಹಡಗು ಹತ್ತಿ ಬಂದು ಮೊದಲು ಕೊಲ್ಹಾಪುರದ ಕಡೆ ಮರಾಠಿಗೆ ಇಳಿಯಿತು, ಮರಾಠಿಯಿಂದ ನಮ್ಮ ಕನ್ನಡಕ್ಕೆ ದಾಟಿತು. ದಾಟಿಸಿದವರು ಯಾರೋ ತಿಳಿಯದು, ಆದರೆ ಈ ಕಡೆಯವರೇ ಇರಬೇಕು. 'ಮೋಕ್ಷಸಾಧನೆ', 'ಪಾಪನಿವೃತ್ತಿ' ಎಂಬ ಭಾರದ ಮಾತುಗಳ ನಡುವೆ ಆ ಪರದೇಶದ ಪಾದ್ರಿ ಇದ್ದಕ್ಕಿದ್ದಂತೆ, ನಿಜ ಎನ್ನಲು ನಮ್ಮೂರವರ ಹಾಗೆ 'ಖರೆ' ಅನ್ನುತ್ತಿದ್ದ. ಬೆಳಗಾವಿಯಲ್ಲಿ ಕಾಲೇಜು ಓದುವಾಗ ಅದರ ಇಂಗ್ಲಿಷ್ ಮೂಲ ಒಂದು ಹಳೆಯ ಗ್ರಂಥಾಲಯದಲ್ಲಿ ನನ್ನ ಕೈಗೆ ಸಿಕ್ಕಿತು. ಅಲ್ಲಿ ಸಮುದ್ರವಿತ್ತು, ಹಿಮವಿತ್ತು, ಹಡಗು ಒಡೆದವರಿದ್ದರು. ನಮ್ಮ ಪುಸ್ತಕದಲ್ಲಿ ಕೃಷ್ಣೆಯ ಮಹಾಪೂರವಿತ್ತು, ಕಬ್ಬಿನ ಗಾಣವಿತ್ತು. ನನಗೆ ಮೂಲವೇ ನಕಲಿನಂತೆ ಕಂಡಿತು.

ಅಜ್ಜನಿಗೆ ಅದು ಬಾಯಿಪಾಠವಾಗಿತ್ತು. ಆತ ಸಂತೆಯಲ್ಲಿ ನಿಂತು ಸುವಾರ್ತೆ ಸಾರುವ ಕೆಲಸದವ. ರಾಯಬಾಗ, ಅಥಣಿ, ತೆಲಸಂಗ, ಎಲ್ಲಿ ಸಂತೆಯೋ ಅಲ್ಲಿ ಬೇವಿನ ಗಿಡದ ಕೆಳಗೆ ಒಂದು ಚಾಪೆ ಹಾಸುತ್ತಿದ್ದ. ಆ ಚಾಪೆಯ ಮೇಲೆ ಕೂಡುವ ಹಕ್ಕು ಪ್ರಶ್ನೆ ಕೇಳಿದವನದು. ಅಜ್ಜ ಎದುರಿಗೆ ನಿಂತೇ ಉತ್ತರ ಕೊಡಬೇಕು. ಎತ್ತು ಮಾರಲು ಬಂದವರು, ಅರಿವೆ ಅಂಗಡಿಯವರು, ಮಠದ ಅಯ್ಯನವರು, ಸುಮ್ಮನೆ ಗಮ್ಮತ್ತಿಗೆ ಬಂದವರು, ಎಲ್ಲರೂ ಆ ಚಾಪೆಯ ಮೇಲೆ ಕೂತು ಕೇಳಿದ್ದಾರೆ. ಒಂದು ಕಾಲಕ್ಕೆ ಇದೇ ಊರುಗಳ ಸಂತೆಯಲ್ಲಿ ಕೂಡಲು ಯಾರೂ ಕರೆಯದ ಕುಲದಲ್ಲಿ ಹುಟ್ಟಿದ ಅಜ್ಜ, ತಾನು ನಿಂತು ಬೇರೆಯವರನ್ನು ಕೂಡಿಸುತ್ತಿದ್ದ. ಆತನದೊಂದು ನೇಮವಿತ್ತು. ಕೇಳಿದವನಿಗೆ ಸಮಾಧಾನವಾಗುವವರೆಗೆ ತಾನು ತುತ್ತು ಎತ್ತುತ್ತಿರಲಿಲ್ಲ. ಎಷ್ಟೋ ಸಲ ಬುತ್ತಿ ಗಂಟು ಬಿಚ್ಚದೆ ಹಾಗೇ ಮನೆಗೆ ತಂದದ್ದುಂಟಂತೆ. ಈ ನೇಮ ಅಪ್ಪನ ಕೈಗೆ ಬಂದಾಗ ಸ್ವಲ್ಪ ತಿರುಗಿತು. ಅಜ್ಜ ತಾನು ಉಪವಾಸ ಇರುತ್ತಿದ್ದ, ಅಪ್ಪ ಮನೆಮಂದಿಯನ್ನೆಲ್ಲ ಇರಿಸಿದ.

ಅಪ್ಪ ಕರೋಶಿಯಲ್ಲಿ ಕನ್ನಡ ಸಾಲೆಯ ಮಾಸ್ತರ. ನಮ್ಮ ಮನೆ ಚಿಕ್ಕೋಡಿಯಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಆ ಹೊತ್ತಿಗೆ ಸಂತೆಯಲ್ಲಿ ಚಾಪೆ ಹಾಸುವ ಕಾಲ ಮುಗಿದಿತ್ತು. ಅಪ್ಪನಿಗೆ ಹಾಗೆ ನಾಲ್ಕು ಜನರೆದುರು ನಿಲ್ಲುವ ಧೈರ್ಯವೂ ಇರಲಿಲ್ಲ. ಆದ್ದರಿಂದ ಸಂತೆ ನಮ್ಮ ಪಡಸಾಲೆಗೆ ಬಂತು. ಮೊದಲು ಸಂಶಯಿಯಾಗಿ ನೇಮಕವಾದವನು ಅಣ್ಣ. ಅವನು ಪ್ರಶ್ನೆ ಪೂರಾ ಓದುವ ಮೊದಲೇ 'ಒಪ್ಪಿದೆ' ಎಂದು ಗಂಗಾಳ ಎಳೆದುಕೊಳ್ಳುತ್ತಿದ್ದ. ಇಂಥ ಸಂಶಯಿ ವಿಶ್ವಾಸಿಗೂ ದಂಡ ಎಂದು ಅಪ್ಪ ಅವನನ್ನು ತೆಗೆದುಹಾಕಿ ನನ್ನನ್ನು ಕೂಡಿಸಿದ. ನನಗೆ ಆಗ ಸರಿಯಾಗಿ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಪ್ರಶ್ನೆ ಓದುತ್ತಿದ್ದೆ, ಆಮೇಲೆ ನನ್ನದೂ ಒಂದು ಸೇರಿಸುತ್ತಿದ್ದೆ. ಅಪ್ಪನಿಗೆ ಅದು ಹಿಗ್ಗು. ಅಪ್ಪನಿಗೆ ಬಲು ಇಷ್ಟವಾದ ಉತ್ತರ ಕ್ಷಮೆಯದು. 'ಪಶ್ಚಾತ್ತಾಪವೆಂದರೆ ಅಳುವುದಲ್ಲ, ತಾನು ಯಾರಿಗೆ ತಪ್ಪು ಮಾಡಿದೆನೋ ಅವರ ಮುಂದೆ ಹೋಗಿ ಕೈಜೋಡಿಸಿ ಬೇಡುವುದು. ಹಾಗೆ ಬೇಡಿದವರನ್ನು ದೇವರು ಬಾಗಿಲಿಂದ ತಿರುಗಿ ಕಳುಹಿಸನು, ಇದು ಖರೆ' ಎಂದು ಓದುವಾಗ ಅವನ ದನಿ ಒಡೆಯುತ್ತಿತ್ತು. ಸಾಲೆಯಲ್ಲಿ ಗಣಿತ ತಪ್ಪಿದ ಹುಡುಗರ ಕಿವಿ ಹಿಂಡುವ ಮನುಷ್ಯ ಇವನೇನಾ ಅನಿಸುತ್ತಿತ್ತು. ಆ ದನಿಗಾಗಿ ನಾನು ಆ ಪುಸ್ತಕವನ್ನು ಪ್ರೀತಿಸಿದೆ.

ಈಗ ಪದ್ಮವ್ವನ ಮಾತು. ನಮ್ಮ ಮನೆಗೆ ಗೋಡೆ ಹಚ್ಚಿದ ಮನೆ ಆಕೆಯದು. ಜೈನರು, ಊರ ಹೊರಗೆ ಕಬ್ಬಿನ ಹೊಲ, ಪೇಟೆಯಲ್ಲಿ ಅರಿವೆ ಅಂಗಡಿ. ಗಂಡ ತೀರಿದ್ದ, ಮಕ್ಕಳು ದೊಡ್ಡವರಾಗಿದ್ದರು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುವುದು ರೂಢಿ, ನನಗೆ ಸ್ವಂತ ಆಯಿ ಇರಲಿಲ್ಲವಾದ್ದರಿಂದ ಆಕೆಯೇ ಆಯಿಯಾದಳು. ಹೊತ್ತು ಮುಳುಗಿದ ಮೇಲೆ ಅವರು ಬಾಯಿಗೆ ಏನೂ ಹಾಕರು. ಸಂಜೆಯ ಬಿಸಿಲು ಹಿತ್ತಲ ಗೋಡೆ ಹತ್ತುವ ಹೊತ್ತಿಗೆ ಆಕೆ ಬಿಸಿ ಚಪಾತಿಯ ಮೇಲೆ ತುಪ್ಪ ಸುರಿದು, ಬೆಲ್ಲ ಇಟ್ಟು, ನನ್ನನ್ನು ಕೂಗುತ್ತಿದ್ದಳು.

"ಸುವಿ, ಬಾ ಇಲ್ಲೆ. ಹೊತ್ತ ಮುಳುಗೂದ್ರಾಗ ಉಂಡು ಬಿಡು ನನ್ನವ್ವ. ನಿಮ್ಮಪ್ಪ ಇವತ್ತ ಯಾಳ್ಯಾಕ ಉಣ್ಣಾಕ ಬಿಡೂದಿಲ್ಲ."

"ಅಪ್ಪ ಬೈತಾನಾಯಿ."

"ಹಸಿದ ಹೊಟ್ಟ್ಯಾಗ ದೇವರ ಮಾತ ಆಡಬಾರ್ದು. ಸಿಟ್ಟ ಬರತೈತಿ."

ಆಕೆಯನ್ನು ದೇವತೆ ಮಾಡಿ ಬರೆಯುವ ಮನಸ್ಸು ನನಗಿಲ್ಲ. ಮೊದಲೆರಡು ವರ್ಷ ನನಗೆ ಉಣಿಸಿದ್ದು ಹೊರಗಿನ ಕಟ್ಟೆಯ ಮೇಲೆ, ಮುತ್ತಲ ಎಲೆಯಲ್ಲಿ. ಉಂಡ ಎಲೆ ನಾನೇ ಎತ್ತಿ ಎಸೆಯಬೇಕು. ಆಮೇಲೆ ಒಂದು ದಿನ, ಏನೂ ಹೇಳದೆ ಕೇಳದೆ, ಸ್ಟೀಲಿನ ತಾಟಿನಲ್ಲಿ ಇಟ್ಟಳು. ಅವಳ ಸೊಸೆ ಹುಬ್ಬು ಏರಿಸಿದ್ದನ್ನು ಕಂಡೂ ಕಾಣದಂತೆ ಇದ್ದಳು. ಅಡಿಗೆಮನೆಯೊಳಗೆ ಮಾತ್ರ ನಾನು ಎಂದೂ ಹೋಗಲಿಲ್ಲ. ಇತ್ತ ನಮ್ಮವ್ವನೂ ಭಾನುವಾರ ಮಾಂಸ ಬೇಯಿಸುವಾಗ ಅವರ ಕಡೆಯ ಕಿಟಕಿ ಹಾಕಿ, ಸಂದಿಗೆ ಹಳೆ ಅರಿವೆ ತುರುಕುತ್ತಿದ್ದಳು. ಎರಡು ಮನೆಗಳು ಹೀಗೆ ಒಂದಕ್ಕೊಂದು ಗೊತ್ತಿದ್ದೂ ಗೊತ್ತಿಲ್ಲದಂತೆ ಬದುಕಿದವು. ನನ್ನ ಕೈಗೆ ಅಂಟಿದ ತುಪ್ಪದ ವಾಸನೆ ಅವ್ವನ ಮೂಗಿಗೆ ಬಿದ್ದಿರದೇ ಇಲ್ಲ. ಅವಳೂ ತುಟಿ ಬಿಚ್ಚಲಿಲ್ಲ.

ಇದರಿಂದ ಅಪ್ಪ ಒಂದು ದೊಡ್ಡ ತಪ್ಪು ಲೆಕ್ಕಕ್ಕೆ ಬಿದ್ದ. ನಾನು ಹೊಟ್ಟೆ ತುಂಬ ಉಂಡು ಹೊಸ್ತಿಲ ಮೇಲೆ ಕೂಡುವವಳು, ನನಗೇನು ಅವಸರ? ಒಂದರ ಬೆನ್ನಿಗೆ ಒಂದು ಪ್ರಶ್ನೆ ಹಾಕುತ್ತಿದ್ದೆ. ಅಣ್ಣ ನರಳುತ್ತಿದ್ದ, ರೊಟ್ಟಿ ಸೆಟೆಯುತ್ತಿತ್ತು, ನಾನು ಮಾತ್ರ ಕದಲುತ್ತಿರಲಿಲ್ಲ. ಅಪ್ಪ ಇದನ್ನು ಆತ್ಮದ ಹಸಿವು ಎಂದು ತಿಳಿದ. ಮನೆಗೆ ಬಂದವರಿಗೆಲ್ಲ ಹೇಳಿದ.

"ನಮ್ಮ ಸುವಾರ್ತಾ ಸತ್ಯ ಹುಡುಕಾಕ ಕುಂತಳಂದ್ರ ಊಟದ ಖಬರ ಇರೂದಿಲ್ಲ ನೋಡ್ರಿ."

ಪಾಸ್ಟರು ಅದನ್ನು ಒಂದು ಭಾನುವಾರದ ಪ್ರಸಂಗದಲ್ಲಿ ಸೇರಿಸಿ, ಅನ್ನದ ಹಸಿವನ್ನು ಮರೆತ ಈ ಪುಟ್ಟ ಮಗುವನ್ನು ನೋಡಿ ಕಲಿಯಿರಿ ಎಂದು ಸಭೆಗೆ ಬುದ್ಧಿ ಹೇಳಿದರು. ಅವ್ವ ತಲೆ ಬಗ್ಗಿಸಿ ಸೆರಗಿನ ತುದಿ ಕಚ್ಚಿದ್ದನ್ನು ಕಂಡೆ. ಅವಳು ಅಳುತ್ತಿಲ್ಲ ಎಂಬುದು ನನಗೆ ಮಾತ್ರ ಗೊತ್ತಿತ್ತು.

ನಾನು ಹೈಸ್ಕೂಲು ಸೇರಿದ ವರ್ಷ ಪದ್ಮವ್ವ ಹಾಸಿಗೆ ಹಿಡಿದಳು. ವಯಸ್ಸಾಗಿತ್ತು, ಔಷಧ ನಾಟದಾಯಿತು. ಆಕೆ ಅವರ ಧರ್ಮದ ರೀತಿಯಲ್ಲಿ ಅನ್ನ ನೀರು ಬಿಟ್ಟು ಸಾವನ್ನು ಎದುರುಗೊಳ್ಳುವ ಕಡೆಯ ವ್ರತ ತೊಗೊಳ್ಳುತ್ತಾಳೆಂದು ಓಣಿಯಲ್ಲಿ ಸುದ್ದಿಯಾಯಿತು. ಆ ವ್ರತಕ್ಕೆ ಮೊದಲು ತಾನು ಬಾಳಿದ ಜನರನ್ನೆಲ್ಲ ಕರೆದು ಕ್ಷಮೆ ಕೇಳಬೇಕು. ಆಕೆಯ ಮಗ ಬಂದು ಅಪ್ಪನನ್ನೂ ಅವ್ವನನ್ನೂ ನನ್ನನ್ನೂ ಕರೆದ. ಅಪ್ಪ ಚರ್ಚಿಗೆ ಹಾಕುವ ಅಂಗಿ ಹಾಕಿಕೊಂಡ. ನಾವು ಮೊದಲ ಸಲ ಆ ಮನೆಯ ಒಳ ಪಡಸಾಲೆಗೆ ಕಾಲಿಟ್ಟೆವು. ಆಕೆ ಬಿಳಿ ಸೀರೆ ಉಟ್ಟು ಗೋಡೆಗೆ ಒರಗಿ ಕೂತಿದ್ದಳು. ಮುಖ ಸಣ್ಣದಾಗಿತ್ತು, ಕಣ್ಣು ಮಾತ್ರ ಮೊದಲಿನವೇ. ಅಪ್ಪನನ್ನು ನೋಡಿ ಎರಡೂ ಕೈ ಜೋಡಿಸಿದಳು.

"ಮಾಸ್ತರ, ನಿಮ್ಮ ಮಗಳಿಗೆ ಶನಿವಾರಕ್ಕೊಮ್ಮಿ ನಿಮಗ ಹೇಳದ ಉಣ್ಣಾಕ ಹಾಕೀನ್ರಿ. ನಿಮ್ಮ ನೇಮ ಮುರಿದೀನಿ. ಮೊದ್ಲಮೊದ್ಲ ಎಲಿಯಾಗ ಹಾಕೀನಿ, ಅದೂ ತಪ್ಪ. ನನಗ ಕ್ಷಮಾ ಮಾಡ್ರಿ."

ಅಪ್ಪ ನನ್ನ ಕಡೆ ತಿರುಗಲಿಲ್ಲ. ಅವನ ಕಿವಿ ಕೆಂಪಾದದ್ದು ಕಂಡಿತು. ಅಷ್ಟು ವರ್ಷದ ಆತ್ಮದ ಹಸಿವು, ಪಾಸ್ಟರ ಪ್ರಸಂಗ, ಎಲ್ಲ ಆ ಒಂದು ಗಳಿಗೆಯಲ್ಲಿ ಅವನಿಗೆ ಅರ್ಥವಾಗಿರಬೇಕು.

"ನಾ ಏನ ಕ್ಷಮಾ ಮಾಡ್ಲಿರಿ ಆಯಿ," ಎಂದ.

"ಹಂಗಲ್ಲ ಮಾಸ್ತರ. ಮಾಡೀನಿ ಅನ್ರಿ. ಅಂದ್ರ ನನಗ ಹಗರಾಕ್ಕತಿ."

"ಮಾಡೀನ್ರಿ."

ಆಕೆ ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈಯಲ್ಲಿ ತೂಕವೇ ಇರಲಿಲ್ಲ. ನಾವು ಮನೆಗೆ ಬಂದೆವು. ಚಪ್ಪಲಿ ಬಿಡುವಾಗ ಅವ್ವ ಮೆಲ್ಲಗೆ ಅಂದಳು.

"ಅವ್ರ ಕೇಳಿದ ಮ್ಯಾಲ ನಾವೂ ತಿರುಗಿ ಕೇಳಬೇಕಾಗಿತ್ತ್ರಿ. ಅವ್ರಲ್ಲೆ ಹಂಗ ರೂಢಿ ಐತಿ."

ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತ ನಿಂತ. ನನ್ನನ್ನು ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲೂ ಇಲ್ಲ. ಬೈದಿದ್ದರೆ ಚಲೋ ಇತ್ತು ಅನಿಸಿತು. ಕೆಲವು ದಿನಕ್ಕೆ ಪದ್ಮವ್ವ ಹೋದಳು. ಓಣಿಯ ಎರಡೂ ಬದಿ ಜನ ನಿಂತು ಕೈ ಮುಗಿದರು. ಅಪ್ಪನೂ ನಿಂತಿದ್ದ.

ಉತ್ತರದ ಪುಸ್ತಕದಲ್ಲಿ ಮುಂದೆ ಯಾವ ಪ್ರಶ್ನೆ ಬರುತ್ತದೆ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ವರ್ಷಕ್ಕೊಂದು ಸುತ್ತು ಅದನ್ನು ಮುಗಿಸುತ್ತಿದ್ದೆವು, ಸರದಿ ತಪ್ಪಿಸುತ್ತಿರಲಿಲ್ಲ. ಕ್ರಿಸ್ತನನ್ನು ಒಪ್ಪದ ಸಜ್ಜನರು ತಮ್ಮ ಸತ್ಕಾರ್ಯದ ಬಲದಿಂದಲೇ ರಕ್ಷಣೆ ಹೊಂದಬಲ್ಲರೋ ಎಂಬ ಪ್ರಶ್ನೆ ಅದು. ಹಿಂದಿನ ವರ್ಷಗಳಲ್ಲಿ, ಇಲ್ಲ ಎಂಬ ಅದರ ಉತ್ತರಕ್ಕೆ ನಾನು, ಹೊಟ್ಟೆಯಲ್ಲಿ ಆಕೆಯ ಚಪಾತಿ ಇಟ್ಟುಕೊಂಡೇ, 'ಒಪ್ಪಿದೆ' ಅಂದಿದ್ದೆ. ಅದು ಪದ್ಮವ್ವನಂಥವರ ಮಾತೇ ಎಂದು ಆಗ ಹೊಳೆದಿರಲಿಲ್ಲ. ಆ ಶನಿವಾರ ಅವ್ವ ಹಿಟ್ಟು ನಾದುತ್ತಲೇ ಹೇಳಿ ನೋಡಿದಳು.

"ಇದೊಂದ ವಾರ ಅದನ್ನ ಬಿಟ್ಟಬಿಡ್ರಿ. ಒಂದ ಕೀರ್ತನಿ ಓದೂಣು. ಹುಡುಗಿ ಇನ್ನೂ ಅಳಾಕತ್ತಾಳ."

"ಸರದಿ ಬಿಟ್ಟರ ಉತ್ತರಕ್ಕ ಹೆದರಿದಂಗ ಆಕ್ಕತಿ," ಅಂದ ಅಪ್ಪ. "ನಮ್ಮಪ್ಪ ಸಂತ್ಯಾಗ ಯಾವ ಪ್ರಶ್ನಿನೂ ಬಿಟ್ಟಾಂವ ಅಲ್ಲ."

ಹೊತ್ತು ಮುಳುಗಿತು. ಪಕ್ಕದ ಹಿತ್ತಲಿಂದ ಯಾರೂ ನನ್ನನ್ನು ಕೂಗಲಿಲ್ಲ. ಕರೆಂಟು ಹೋಗಿತ್ತು, ಕಂದೀಲು ಹಚ್ಚಿದೆವು. ನಾನು ಹೊಸ್ತಿಲ ಮೇಲೆ ಕೂತು ಪ್ರಶ್ನೆ ಓದಿದೆ. ಅಪ್ಪ ಉತ್ತರ ಓದಿದ. ಕೃಷ್ಣೆಯ ಮಹಾಪೂರದಲ್ಲಿ ಬಿದ್ದವನಿಗೆ ಅವನ ಒಳ್ಳೆಯ ನಡತೆ ಈಸು ಕಲಿಸದು, ದಡದಿಂದ ಎಸೆದ ಹಗ್ಗವನ್ನು ಅವನು ಹಿಡಿಯಬೇಕು, ಹಿಡಿಯದವನು ಎಷ್ಟು ಸಜ್ಜನನಾದರೂ ಹೊಳೆಯ ಪಾಲು. ಹೀಗೆ ಆ ಉತ್ತರ. ಓದಿ ಮುಗಿಸಿ ಅಪ್ಪ ಚಾಳೀಸಿನ ಮೇಲಿಂದ ನನ್ನನ್ನು ನೋಡಿದ. ಶನಿವಾರದ ನಿಜವಾದ ಹಸಿವು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅಣ್ಣ ಮೆಲ್ಲಗೆ ತಿವಿದ.

"ಒಪ್ಪಿದೆ ಅನ್ನು ಬೇ. ಹಸಿವಿ ಆಗೇತಿ."

"ಆಯಿ ಎಲ್ಲಿ ಅದಾಳಪ್ಪಾ ಈಗ?" ಎಂದೆ. ಸಂಶಯಿಯಾಗಿ ಕೂತಾಗ ಅಪ್ಪನಿಗೆ 'ರೀ' ಹಚ್ಚಿ ಮಾತಾಡಬೇಕೆಂಬ ಕಟ್ಟಳೆ ನನಗೆ ನೆನಪಾಗಲಿಲ್ಲ. "ಹೊಳ್ಯಾಗ ಹೋದ್ಲೇನು?"

"ನಾವು ತೀರ್ಪ ಕೊಡಾವರಲ್ಲ. ಉತ್ತರದಾಗ ಏನೈತಿ ಅಷ್ಟ..."

"ಉತ್ತರದಾಗ ಇನ್ನೊಂದೈತಿ. ಯಾರಿಗೆ ತಪ್ಪ ಮಾಡೀವೋ ಅವರ ಮುಂದ ಕೈಜೋಡಿಸಿ ಬೇಡಿದವರನ್ನ ದೇವರು ಬಾಗಲದಿಂದ ತಿರುಗಿ ಕಳಸೂದಿಲ್ಲ ಅಂತ ನೀನ ಓದೀದಿ. ಖರೆ ಅಂತ ಓದೀದಿ. ಆಯಿ ಕೈ ಜೋಡಿಸಿದ್ಲೋ ಇಲ್ಲೋ? ನಿನ್ನ ಮುಂದನ ಜೋಡಿಸಿದ್ಲು. ನನಗ ಉಣ್ಣಾಕ ಹಾಕಿದ್ದಕ್ಕ ನಿನ್ನ ಕ್ಷಮಾ ಕೇಳಿದ್ಲು." ಅಪ್ಪನ ಕೈಯಲ್ಲಿದ್ದ ಪುಸ್ತಕದತ್ತ ಬೆರಳು ಚಾಚಿದೆ. "ನೀ ಕೇಳ್ಲಿಲ್ಲ. ನೀ ನನ್ನ ಹಸಿವಿಲೆ ಕೂಡಸ್ತಿದ್ದಿ, ಆಕಿ ಉಣಸ್ತಿದ್ಲು. ಹಗ್ಗ ಯಾರ ಹಿಡದಾರ, ಯಾರ ಹಿಡದಿಲ್ಲ ಹೇಳು."

ಅವ್ವ ಎದ್ದು ನಿಂತಳು, ಏಟು ಬೀಳುತ್ತದೆ ಎಂದು ತಡೆಯಲಿಕ್ಕೆ. ಅಪ್ಪ ಏಳಲಿಲ್ಲ. ಪುಸ್ತಕದ ಹಾಳೆಯನ್ನು ಹಿಂದೆ ತಿರುವಿದ, ಮುಂದೆ ತಿರುವಿದ, ಏನನ್ನೋ ಹುಡುಕುವವನಂತೆ. ಆಮೇಲೆ ತಿರುವುವುದು ಬಿಟ್ಟ. ಹೊರಗೆ ಬಸ್ಸೊಂದು ನಿಲ್ದಾಣದಿಂದ ಹೊರಟು ಓಣಿಯ ತುದಿಯಲ್ಲಿ ಹಾರ್ನು ಹೊಡೆದು ಹೋಯಿತು. ನಾನು ಸೋಲದಿದ್ದರೆ ಈ ಮನೆಯಲ್ಲಿ ಮುಂದೇನಾಗುತ್ತದೆ ಎಂಬುದು ಪುಸ್ತಕದಲ್ಲಿ ಇರಲಿಲ್ಲ. ಅಪ್ಪ ಸೋತರೆ ಅಜ್ಜನ ಚಾಪೆ, ಅಪ್ಪನ ಒಡೆಯುವ ದನಿ, ಭಾನುವಾರದ ಪ್ರಾರ್ಥನೆ, ಎಲ್ಲ ಕುಸಿದು ಬೀಳುತ್ತದೆಯೇ ಎಂದು ನಿಜಕ್ಕೂ ಹೆದರಿದೆ. 'ಒಪ್ಪಿದೆ' ಅಂದು ಬಿಡೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಅಪ್ಪ ಚಾಳೀಸು ತೆಗೆದ. ಕುರ್ಚಿಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ, ಹೊಸ್ತಿಲ ಮೇಲೆ ಕೂತ. ಎರಡು ಜನಕ್ಕೆ ಸಾಲುವ ಹೊಸ್ತಿಲಲ್ಲ ಅದು, ಅವನ ಭುಜ ಚೌಕಟ್ಟಿಗೆ ತಾಗಿತು. ಪುಸ್ತಕವನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ನೋಡದೆ, ಖಾಲಿಯಾದ ತನ್ನ ಕುರ್ಚಿಯ ಕಡೆ ನೋಡುತ್ತ ಅಂದ.

"ಒಪ್ಪಿದೆ."

ಅವ್ವ ಗಂಗಾಳ ಇಟ್ಟಳು. ರೊಟ್ಟಿ ಸೆಟೆದಿತ್ತು, ಮುರಿದರೆ ಸಪ್ಪಳ ಬರುತ್ತಿತ್ತು. ನಾವು ನಾಲ್ವರೂ ಆ ಸಪ್ಪಳದಲ್ಲೇ ಉಂಡೆವು.

ಅಪ್ಪ ನಂಬಿಕೆ ಬಿಡಲಿಲ್ಲ, ಪುಸ್ತಕವನ್ನೂ ಬಿಡಲಿಲ್ಲ. ನಾನೂ ಬಿಟ್ಟಿಲ್ಲ. ಈಗ ಆ ಕೆಂಪು ಹೊದಿಕೆಯ ಪುಸ್ತಕ ನನ್ನ ಕಪಾಟಿನಲ್ಲಿ ಕಾಯಿದೆಯ ಪುಸ್ತಕಗಳ ಪಕ್ಕದಲ್ಲಿದೆ, ಭಾನುವಾರ ಚರ್ಚಿಗೆ ಹೋಗುತ್ತೇನೆ, ಉಳಿದ ದಿನ ಚಿಕ್ಕೋಡಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಎದುರಿನವರ ಕಾಗದದಿಂದಲೇ ಎದುರಿನವರನ್ನು ಹಿಡಿಯುವ ವಿದ್ಯೆ ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ದೇವರಿಲ್ಲ ಎಂದು ವಾದಿಸುವ ಕೆಲಸವನ್ನು ಒಬ್ಬ ತಂದೆ ತನ್ನ ಮಗಳಿಗೆ ಒಪ್ಪಿಸಬಲ್ಲನೆಂದರೆ ಅವನ ನಂಬಿಕೆ ಎಷ್ಟು ಗಟ್ಟಿ ಇದ್ದಿರಬೇಕು ಎಂದು ಈಗ ಅನಿಸುತ್ತದೆ. ಮುಂದಿನ ಸುತ್ತುಗಳಲ್ಲಿ ಆ ಪ್ರಶ್ನೆಯ ಸರದಿ ಬಂದಾಗಲೂ ಅಪ್ಪ ಅದನ್ನು ಬಿಡಲಿಲ್ಲ. ಪ್ರಶ್ನೆ ಓದಿಸುತ್ತಿದ್ದ, ಉತ್ತರ ಓದುತ್ತಿದ್ದ, ನನ್ನ ಮಾತಿಗೆ ಕಾಯದೆ ಪುಸ್ತಕ ಮುಚ್ಚುತ್ತಿದ್ದ.

ಆದರೆ ನಮ್ಮ ಮನೆಯ ನೇಮ ಬದಲಾದದ್ದು ಅಪ್ಪ 'ಒಪ್ಪಿದೆ' ಅಂದ ಮರು ಶನಿವಾರವೇ. ಅಪ್ಪ ಕರೋಶಿಯಿಂದ ಬಂದು ಕಾಲು ತೊಳೆದುಕೊಂಡ. ಬಿಸಿಲು ಇನ್ನೂ ಹಿತ್ತಲ ಗೋಡೆಯ ಮೇಲಿತ್ತು. ಗೋಡೆಯಾಚೆಯ ಮನೆಯ ಕಡೆ ಒಂದು ಗಳಿಗೆ ನೋಡಿ, ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಹೊತ್ತ ಮುಳುಗೂದ್ರಾಗ ಹುಡುಗರಿಗೆ ಉಣ್ಣಾಕ ಹಾಕು," ಎಂದ ಅವ್ವನಿಗೆ. "ಪುಸ್ತಕ ಆಮ್ಯಾಲ ಓದೂಣು."